ಕಾರು ಗಡಿ ದಾಟೀತೇ? ಕಡಿಮೆ ದುಡ್ಡಿನಲ್ಲಿ ಪರದೇಶಕ್ಕೆ ಬಿಡಾರ ಸಾಗಿಸುವ ಲೆಕ್ಕ



ಪುತ್ತೂರು, ಸುಳ್ಯ, ಕಡಬದ ಕಡೆ ಯಾವ ಬೈಲಿಗೆ ಹೋದರೂ ಪರದೇಶದಲ್ಲಿ ಮಗನೋ ಮಗಳೋ ಅಳಿಯನೋ ಇರುವ ಮನೆ ಸಿಗುತ್ತದೆ. ಹಿಂದೆ ಪರದೇಶ ಎಂದರೆ ಕೊಲ್ಲಿಯ ದೇಶಗಳು. ಈಗಿನ ಮಕ್ಕಳು ಜರ್ಮನಿ, ಐರ್ಲೆಂಡ್, ಕೆನಡಾ ಎನ್ನುತ್ತಾರೆ. ಹೋಗುವುದಕ್ಕೆ ಕಾರಣಗಳೂ ಇವೆ. ಸಂಪಾಜೆ, ಅರಂತೋಡಿನ ಕಡೆ ಹಳದಿ ಎಲೆ ರೋಗ ಅಡಿಕೆ ತೋಟಗಳನ್ನು ಬರಿದು ಮಾಡಿತು. ಉಳಿದ ಕಡೆ ಎಲೆಚುಕ್ಕೆ ರೋಗದ ಕಾಟ. ತೋಟವನ್ನೇ ನಂಬಿ ಕೂತರೆ ಆಗಲಿಕ್ಕಿಲ್ಲ ಎಂಬ ಮಾತು ಹಿರಿಯರ ಬಾಯಲ್ಲೇ ಬರುತ್ತಿದೆ. ಹೀಗೆ ಹೊರಡುವ ಸಂಸಾರಗಳ ಕೈಯಲ್ಲಿ ದುಡ್ಡು ಹೆಚ್ಚಿರುವುದಿಲ್ಲ. ಅಡಿಕೆ ಮಾರಿದ ಹಣ, ಸೊಸೈಟಿಯ ಸಾಲ, ಅಡವಿಟ್ಟ ಬಂಗಾರ ಇವನ್ನು ಒಟ್ಟು ಮಾಡಿಕೊಂಡೇ ಅವರು ಹೊರಡಬೇಕು.

ಅಂಥ ಮನೆಗಳಲ್ಲಿ ಈಚೆಗೆ ಹೊಸದೊಂದು ಪ್ರಶ್ನೆ ಏಳುತ್ತಿದೆ. ನಾಲ್ಕು ಜನಕ್ಕೆ ವಿಮಾನದ ಟಿಕೆಟು, ತೂಕ ಮೀರಿದ ಸಾಮಾನಿಗೆ ಬೇರೆ ಹಣ. ಅಂಗಳದಲ್ಲಿ ಕಾರು ನಿಂತಿದೆಯಲ್ಲ, ಅದರಲ್ಲೇ ಸಾಮಾನು ತುಂಬಿಕೊಂಡು ಹೋದರೆ ಆಗದೇ? ಕೇರಳದಿಂದ, ಕರಾವಳಿಯಿಂದ ಕಾರಿನಲ್ಲಿ ಹೊರಟು ದೇಶದೇಶ ಸುತ್ತಿದವರ ವಿಡಿಯೊಗಳನ್ನು ಮಕ್ಕಳು ನೋಡಿರುತ್ತಾರೆ. ಇದು ನಕ್ಕು ಬಿಡುವ ಪ್ರಶ್ನೆಯಲ್ಲ, ಲೆಕ್ಕ ಹಾಕಿ ಉತ್ತರ ಕೊಡಬೇಕಾದ ಪ್ರಶ್ನೆ. ಇವತ್ತು ಆ ಲೆಕ್ಕವನ್ನು ನಿಮ್ಮ ಜೊತೆ ಕೂತು ಹಾಕುತ್ತೇನೆ.

ಮೊದಲು ರಸ್ತೆಯ ವಿಚಾರ. ಭಾರತದಿಂದ ಯುರೋಪಿಗೆ ನೆಲದ ದಾರಿ ಇದ್ದ ಕಾಲವೊಂದಿತ್ತು. 1957ರ ಏಪ್ರಿಲ್‌ನಲ್ಲಿ ‘ಇಂಡಿಯಾಮನ್’ ಎಂಬ ಬಸ್ಸು ಲಂಡನ್ ಬಿಟ್ಟು, ಟರ್ಕಿ, ಇರಾನ್, ಪಾಕಿಸ್ತಾನ ದಾಟಿ, ಜೂನ್‌ನಲ್ಲಿ ಕಲ್ಕತ್ತ ಮುಟ್ಟಿತು. ಒಂದು ಕಡೆಯ ಟಿಕೆಟ್ಟಿಗೆ 85 ಪೌಂಡ್. 1979ರಲ್ಲಿ ಇರಾನಿನ ಕ್ರಾಂತಿ, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ್ದು, ಇವೆರಡರಿಂದ ಆ ದಾರಿ ಮುರಿಯಿತು. ಇಂದಿನ ಸ್ಥಿತಿ ಇನ್ನೂ ಬಿಗಿ. ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಕಡೆಯ ಅಟ್ಟಾರಿ ಗಡಿಠಾಣೆಯನ್ನು ಮುಚ್ಚಲಾಯಿತು. ಮಣಿಪುರದ ಮೊರೆಯಿಂದ ಮ್ಯಾನ್ಮಾರ್ ಮೂಲಕ ಥಾಯ್ಲೆಂಡ್ ತಲುಪಬೇಕಿದ್ದ ಸುಮಾರು 1,360 ಕಿ.ಮೀ. ಹೆದ್ದಾರಿ ಪೂರ್ತಿಯಾಗಿಲ್ಲ. 2021ರಲ್ಲಿ ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಆ ದಾರಿ ಸಂಸಾರ ಕಟ್ಟಿಕೊಂಡು ಹೋಗುವಂಥದ್ದಲ್ಲ. ಉತ್ತರಕ್ಕೆ ಹಿಮಾಲಯ. ಹಾಗಾಗಿ ಪುತ್ತೂರಿನ ಕಾರು ತನ್ನ ಚಕ್ರದ ಮೇಲೆ ಸಲೀಸಾಗಿ ದಾಟಬಲ್ಲ ಗಡಿ ಎಂದರೆ ನೇಪಾಳ, ಭೂತಾನ ಎರಡೇ.

ಹಾಗಾದರೆ ವಿಡಿಯೊದಲ್ಲಿ ಕಂಡವರು ಹೋದದ್ದು ಹೇಗೆ? ಅವರಲ್ಲಿ ಹೆಚ್ಚಿನವರು ಕಾರನ್ನು ಹಡಗಿನಲ್ಲಿ ಕೊಲ್ಲಿಯ ಬಂದರಿಗೆ ಕಳಿಸಿ, ತಾವು ವಿಮಾನದಲ್ಲಿ ಹೋಗಿ, ಅಲ್ಲಿಂದ ಮುಂದೆ ಓಡಿಸಿದವರು. ಇದಕ್ಕೆ ಬೇಕಾದ ಕಾಗದದ ಹೆಸರು ಕಾರ್ನೆಟ್. ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್‌ನಂಥ ಮೋಟಾರು ಸಂಘಗಳ ಮೂಲಕ ಇದನ್ನು ಮಾಡಿಸುತ್ತಾರೆ. ಈ ಕಾರನ್ನು ನಿಮ್ಮ ದೇಶದಲ್ಲಿ ಮಾರುವುದಿಲ್ಲ, ಬಿಟ್ಟು ಬರುವುದಿಲ್ಲ, ವಾಪಸು ತರುತ್ತೇನೆ ಎಂದು ಕೊಡುವ ಜಾಮೀನು ಅದು. ಅದಕ್ಕಾಗಿ ದೊಡ್ಡ ಮೊತ್ತದ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ಇಡಬೇಕು. ಅದರ ಅವಧಿ ಒಂದು ವರ್ಷ. ಅವಧಿಯೊಳಗೆ ಕಾರು ಹೊರಗೆ ಬಾರದಿದ್ದರೆ ಆ ದೇಶದ ಸುಂಕ ಜಾಮೀನಿನ ಮೇಲೆ ಬೀಳುತ್ತದೆ.

ಇಲ್ಲಿಯೇ ಪ್ರವಾಸಕ್ಕೂ ವಲಸೆಗೂ ಇರುವ ವ್ಯತ್ಯಾಸ ಕಾಣುತ್ತದೆ. ಪ್ರವಾಸಿ ಮರಳಿ ಬರುವವನು. ಅವನಿಗೆ ಕಾರ್ನೆಟ್ ಸಾಕು. ನೆಲೆಸಲು ಹೋಗುವವನು ಕಾರನ್ನು ಅಲ್ಲಿ ಆಮದು ಮಾಡಿ, ಸುಂಕ ಕಟ್ಟಿ, ಹೊಸ ನಂಬರು ಪಡೆಯಬೇಕು. ನಮ್ಮ ಕಾರಿನ ಸ್ಟೇರಿಂಗು ಬಲಕ್ಕಿದೆ. ಕೊಲ್ಲಿಯ ದೇಶಗಳಲ್ಲಿ ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ, ಸ್ಟೇರಿಂಗು ಇರುವುದು ಎಡಕ್ಕೆ. ಸೌದಿಯಲ್ಲಾಗಲಿ ಯುಎಇಯಲ್ಲಾಗಲಿ ನಮ್ಮಂಥ ಕಾರಿಗೆ ಖಾಯಂ ನೋಂದಣಿ ಸಿಗುವುದಿಲ್ಲ. ಅಂದಮೇಲೆ ಹಡಗಿನ ಬಾಡಿಗೆ, ಬಂದರಿನ ಖರ್ಚು, ಜಾಮೀನು ಎಲ್ಲ ಸುರಿದು ಒಯ್ದ ಕಾರನ್ನು ವರ್ಷದೊಳಗೆ ಹಿಂದಕ್ಕೆ ಕಳಿಸಬೇಕಾಗುತ್ತದೆ. ಬಡ ಸಂಸಾರಕ್ಕೆ ಇದಕ್ಕಿಂತ ದುಬಾರಿ ಉಳಿತಾಯ ಬೇರೆ ಇಲ್ಲ.

ನೇಪಾಳದ ಮಾತು ಬೇರೆ. ಅದು ಕಾರಿನಲ್ಲಿ ಹೋಗಬಹುದಾದ ದೇಶ, ನಮ್ಮವರು ಹೋಗಿ ನೆಲೆಸಿದ ದೇಶ ಕೂಡ. ಕಾಠ್ಮಂಡುವಿನ ಪಶುಪತಿನಾಥ ದೇವಾಲಯದಲ್ಲಿ ಮೂಲಭಟ್ಟರಾಗಿ ಕರ್ನಾಟಕದವರು, ಅದರಲ್ಲೂ ಕರಾವಳಿಯವರು, ಪೂಜೆ ನಡೆಸಿಕೊಂಡು ಬಂದಿದ್ದಾರೆ. 1950ರ ಜುಲೈ 31ರ ಭಾರತ–ನೇಪಾಳ ಒಪ್ಪಂದದ ಏಳನೆಯ ವಿಧಿ ಎರಡೂ ದೇಶದ ಪ್ರಜೆಗಳಿಗೆ ಇನ್ನೊಂದು ದೇಶದಲ್ಲಿ ವಾಸ, ವ್ಯಾಪಾರ, ಓಡಾಟದ ವಿಷಯದಲ್ಲಿ ಸಮಾನ ಸೌಲಭ್ಯದ ಮಾತು ಕೊಟ್ಟಿದೆ. ನಮಗೆ ಅಲ್ಲಿ ವೀಸಾ ಬೇಡ. ನೂರು ರೂಪಾಯಿಗೆ ಅಲ್ಲಿನ ನೂರ ಅರುವತ್ತು ರೂಪಾಯಿ. 1993ರಿಂದ ಈ ದರ ಬದಲಾಗಿಲ್ಲ. ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಕಂಪನಿಯಲ್ಲೋ ಅಲ್ಲಿ ಕೆಲಸ ಸಿಕ್ಕವರು ಕಾರಿನಲ್ಲಿ ಹೊರಟರೆ ಲೆಕ್ಕ ಹೇಗಿರುತ್ತದೆ ನೋಡೋಣ.

ಪುತ್ತೂರಿನಿಂದ ಬೆಂಗಳೂರು, ಹೈದರಾಬಾದ್, ನಾಗಪುರ, ಜಬಲ್ಪುರ, ಗೋರಖಪುರ ದಾಟಿ ಸುನೌಲಿ ಗಡಿಗೆ ಸುಮಾರು 2,400 ಕಿ.ಮೀ. ಸಾಮಾನು ತುಂಬಿದ ಚಿಕ್ಕ ಕಾರು ಲೀಟರಿಗೆ 16 ಕಿ.ಮೀ. ಕೊಟ್ಟರೆ 150 ಲೀಟರ್ ಪೆಟ್ರೋಲು. ಲೀಟರಿಗೆ ನೂರು ರೂಪಾಯಿ ಹಿಡಿದರೆ 15,000 ರೂ. ದಾರಿಯುದ್ದಕ್ಕೂ ಟೋಲ್ ಇದೆ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ. 3,000 ರೂ. ದರದಲ್ಲಿ ಶುರುವಾದ ಈ ಪಾಸು ರಾಷ್ಟ್ರೀಯ ಹೆದ್ದಾರಿಗಳಲ್ಲಿ ಒಂದು ವರ್ಷ ಅಥವಾ 200 ಸಲದ ದಾಟುವಿಕೆಗೆ ಸಲ್ಲುತ್ತದೆ. ಇಂಥ ದೂರದ ದಾರಿಗೆ ಹೊರಡುವವರು ಅದನ್ನು ಮಾಡಿಸಿಕೊಳ್ಳುವುದೇ ಲೇಸು. ದಿನಕ್ಕೆ ಐನೂರು, ಆರುನೂರು ಕಿ.ಮೀ. ಮೀರಬೇಡಿ. ಅಂದರೆ ದಾರಿಯಲ್ಲಿ ನಾಲ್ಕು ರಾತ್ರಿ ತಂಗಬೇಕು. ಮಳೆಗಾಲದಲ್ಲಿ ಹೊರಡಲೇಬೇಡಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಸಂಪಾಜೆ–ಮಡಿಕೇರಿ ರಸ್ತೆಯೇ ಕಡಿದುಹೋದದ್ದು ಸುಳ್ಯದವರಿಗೆ ಮರೆತಿರಲಿಕ್ಕಿಲ್ಲ. ಶಿರಾಡಿ ಘಾಟಿಯನ್ನೂ ಆ ತಿಂಗಳುಗಳಲ್ಲಿ ನೆಚ್ಚಿಕೊಳ್ಳುವ ಹಾಗಿಲ್ಲ.

ಗಡಿಯಲ್ಲಿ ಕಾರಿನ ಮೂಲ ಆರ್‌ಸಿ, ಲೈಸೆನ್ಸು ತೋರಿಸಿ, ಅವರು ಭನ್ಸಾರ್ ಎನ್ನುವ ಸುಂಕದ ಚೀಟಿಯನ್ನು ದಿನದ ಲೆಕ್ಕದಲ್ಲಿ ಪಡೆಯಬೇಕು. ಆರ್‌ಸಿ ನಿಮ್ಮ ಹೆಸರಿನಲ್ಲೇ ಇರಲಿ. ಮಾವನ ಕಾರು, ಭಾವನ ಕಾರು ಎಂದರೆ ತೊಂದರೆ. ನಮ್ಮ ವಿಮೆ ಭಾರತದೊಳಗೆ ಮಾತ್ರ ನಡೆಯುತ್ತದೆ. ಸ್ವಲ್ಪ ಹೆಚ್ಚಿನ ಪ್ರೀಮಿಯಂ ಕಟ್ಟಿ ನೇಪಾಳ, ಭೂತಾನಕ್ಕೆ ವಿಸ್ತರಿಸಿಕೊಳ್ಳುವ ಅವಕಾಶವಿದೆ; ಹೊರಡುವ ಮೊದಲೇ ಮಾಡಿಸಿ. ಇಷ್ಟೆಲ್ಲ ಆದರೂ ನಮ್ಮ ನಂಬರಿನ ಕಾರು ನೇಪಾಳದಲ್ಲಿ ವರ್ಷಕ್ಕೆ ಒಟ್ಟು 30 ದಿನವಷ್ಟೇ ಇರಬಹುದು. ಅದಕ್ಕಿಂತ ಹೆಚ್ಚು ದಿನ ಇಡಬೇಕಾದರೆ ಪೂರ್ತಿ ಸುಂಕ ತೆರಬೇಕು. ಅಲ್ಲಿ ಪೆಟ್ರೋಲ್ ಕಾರಿನ ಒಟ್ಟು ತೆರಿಗೆ ಕಾರಿನ ಬೆಲೆಯನ್ನೇ ಮೀರುತ್ತದೆ. ಹಾಗಾಗಿ ಕಾರು ಸಾಮಾನು ಇಳಿಸಿ ತಿಂಗಳೊಳಗೆ ಮರಳಬೇಕು. ಭೂತಾನದಲ್ಲಂತೂ ಹೊರಗಿನವರು ಕೆಲಸದ ಪರವಾನಗಿ ಇಲ್ಲದೆ ನೆಲೆಸಲಾಗದು. 2022ರ ಸೆಪ್ಟೆಂಬರಿನಿಂದ ಪ್ರವಾಸಕ್ಕೆ ಹೋದ ಭಾರತೀಯರೂ ದಿನಕ್ಕೆ ತಲಾ 1,200 ರೂ. ಕಟ್ಟಬೇಕು.

ಇದನ್ನೆಲ್ಲ ಕೂಡಿ ಕಳೆದು ನೋಡಿದರೆ ಬರುವ ಉತ್ತರ ಒಂದೇ. ಕಾರಿನಲ್ಲಿ ಎಷ್ಟು ಸಾಮಾನು ಹಿಡಿಯುತ್ತದೆ ಎಂಬುದು ಮೊದಲ ಪ್ರಶ್ನೆ ಆಗಬಾರದು. ಗಡಿಯ ಆಚೆ ಯಾವುದಕ್ಕೆ ಇರುವ ಹಕ್ಕಿದೆ ಎಂದು ಕೇಳಿಕೊಳ್ಳಬೇಕು. ವಸ್ತುವಿಗೂ ಹಾಗೆ, ಮನುಷ್ಯರಿಗೂ ಹಾಗೆ. ಆ ಹಕ್ಕನ್ನು ಕೊಡುವುದು ಕಾಗದ. ಬಜೆಟ್ಟಿನ ಮೊದಲ ರೂಪಾಯಿ ಕಾಗದಕ್ಕೆ ಹೋಗಬೇಕು.

ಈ ಮಾತಿಗೆ ಸಾಕ್ಷಿ ನಮ್ಮ ಮೂರು ತಾಲೂಕುಗಳಲ್ಲೇ ಇದೆ. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ತೀರ ಕಡಿಮೆ ದುಡ್ಡಿನಲ್ಲಿ ಬಿಡಾರ ಎತ್ತಿ ಬಂದವರು ನಮ್ಮ ನೆರೆಯಲ್ಲೇ ಬದುಕುತ್ತಿದ್ದಾರೆ. ಸುಳ್ಯ, ಪುತ್ತೂರು, ಕಡಬದ ರಬ್ಬರ್ ತೋಟಗಳ ಮಗ್ಗುಲಿನ ಸಿಆರ್‌ಸಿ ಕಾಲೊನಿಗಳನ್ನು ನೀವು ಕಂಡಿರಬಹುದು. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಸಿಲೋನಿನ, ಅಂದರೆ ಇಂದಿನ ಶ್ರೀಲಂಕಾದ, ತೋಟಗಳಿಗೆ ಹೋದ ಕೂಲಿಗಳ ಮಕ್ಕಳು ಮೊಮ್ಮಕ್ಕಳು ಅಲ್ಲಿದ್ದಾರೆ. ಸಿಲೋನ್ ಸ್ವತಂತ್ರವಾದ ಮೇಲೆ ಇವರಿಗೆ ಆ ದೇಶದ ಪೌರತ್ವವೂ ಇಲ್ಲ, ಈ ದೇಶದ್ದೂ ಇಲ್ಲ ಎಂಬಂತಾಯಿತು. 1964ರ ಅಕ್ಟೋಬರ್ 30ರಂದು ಎರಡೂ ದೇಶಗಳ ಪ್ರಧಾನಿಗಳಾಗಿದ್ದ ಲಾಲ್ ಬಹಾದುರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಂದು ಒಪ್ಪಂದಕ್ಕೆ ಬಂದರು. ನಾಡಿಲ್ಲದ 9,75,000 ಜನರಲ್ಲಿ 5,25,000 ಮಂದಿಯನ್ನು ಭಾರತ ಕರೆಸಿಕೊಳ್ಳುವುದು, 3,00,000 ಮಂದಿಗೆ ಸಿಲೋನ್ ಪೌರತ್ವ ಕೊಡುವುದು, ಉಳಿದ 1,50,000 ಜನರ ಮಾತು ಮುಂದಕ್ಕೆ. ಆ ಉಳಿದವರನ್ನು 1974ರಲ್ಲಿ ಎರಡೂ ದೇಶಗಳು ಸಮವಾಗಿ ಹಂಚಿಕೊಂಡವು.

ಬಿಡಾರದ ಬಜೆಟ್ಟಿನ ಸಾಲು ಕೂಡ 1964ರ ಒಪ್ಪಂದದಲ್ಲೇ ಇತ್ತು. ಭವಿಷ್ಯನಿಧಿ, ಗ್ರಾಚ್ಯುಟಿ ಸೇರಿ ತಮ್ಮ ಆಸ್ತಿಯನ್ನು ಅವರು ಒಯ್ಯಬಹುದು. ಒಂದು ಸಂಸಾರ ಒಯ್ಯಬಹುದಾದ ಹಣದ ಮಿತಿಯನ್ನು 4,000 ರೂ.ಗಿಂತ ಕೆಳಕ್ಕೆ ಇಳಿಸುವಂತಿಲ್ಲ ಎಂದು ಬರೆದಿದ್ದರು. ಕ್ಯಾಂಡಿಯಲ್ಲಿದ್ದ ಭಾರತದ ಕಚೇರಿಯಲ್ಲಿ ಫ್ಯಾಮಿಲಿ ಕಾರ್ಡ್ ಮಾಡಿಸಿಕೊಳ್ಳಬೇಕು. ತಲೈಮನ್ನಾರಿನಲ್ಲಿ ಹಡಗು ಹತ್ತಿ ರಾಮೇಶ್ವರಕ್ಕೆ ಬರಬೇಕು. ಮಂಡಪಂ ಶಿಬಿರದಲ್ಲಿ ತಂಗಿ, ಅಲ್ಲಿಂದ ಗೊತ್ತುಮಾಡಿದ ಊರಿಗೆ ಹೊರಡಬೇಕು. ತಮಿಳುನಾಡು ನೀಲಗಿರಿಯಲ್ಲಿ ಟೀ ತೋಟ ಎಬ್ಬಿಸಿತು. ಕೇರಳ ಪುನಲೂರಿನ ಕಡೆ ರಬ್ಬರ್ ತೋಟ ಎಬ್ಬಿಸಿತು. ನಮ್ಮಲ್ಲಿ ಸುಳ್ಯ, ಪುತ್ತೂರು ಸೀಮೆಯ ಕಾಡಿನಲ್ಲಿ ರಬ್ಬರ್ ನೆಟ್ಟು ಇವರಿಗೆ ಕೆಲಸ ಕೊಟ್ಟರು. ಇಂದು ಆ ತೋಟಗಳು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಯಲ್ಲಿವೆ. ಟೀ ಎಲೆ ಚಿವುಟಿ ಗೊತ್ತಿದ್ದ ಕೈಗಳು ಇಲ್ಲಿ ನಸುಕಿಗೆ ಎದ್ದು ರಬ್ಬರ್ ಟ್ಯಾಪಿಂಗ್ ಕಲಿತವು. ಗೊತ್ತಿಲ್ಲದ ಕನ್ನಡ, ತುಳುವನ್ನೂ ಅವರು ಕಲಿತರು. ನಮ್ಮ ಜಿಲ್ಲೆಯ ರಬ್ಬರಿನ ಹಿಂದೆ ಆ ಶ್ರಮವಿದೆ, ಅದನ್ನು ಗೌರವದಿಂದ ನೆನೆಯಬೇಕು.

ಆ ವಲಸೆಯನ್ನು ಎರಡು ಸರಕಾರಗಳು ಸೇರಿ ಯೋಜಿಸಿದ್ದವು. ಪ್ರಯಾಣದ ಲೆಕ್ಕವಿತ್ತು, ಕೆಲಸದ ಲೆಕ್ಕವಿತ್ತು, ಕ್ವಾರ್ಟರ್ಸಿನ ಲೆಕ್ಕವೂ ಇತ್ತು. ತಲುಪಿದ ಮೇಲಿನ ಕಾಗದದ ಲೆಕ್ಕ ಮಾತ್ರ ಅರ್ಧದಲ್ಲೇ ನಿಂತಿತು. ಮಕ್ಕಳನ್ನು ಶಾಲೆಗೆ, ಕೆಲಸಕ್ಕೆ ಸೇರಿಸುವಾಗ ಜಾತಿ ಪ್ರಮಾಣಪತ್ರ ಬೇಕಾಯಿತು; ಅದಕ್ಕಾಗಿ ವರ್ಷಗಟ್ಟಲೆ ಅಲೆದರು. ನಿವೃತ್ತಿಯಾಗಿ ಕ್ವಾರ್ಟರ್ಸ್ ಬಿಡಬೇಕಾದಾಗ ಸ್ವಂತ ಸೂರು ಎಲ್ಲಿ ಎಂಬ ಪ್ರಶ್ನೆ ಎದುರಾಯಿತು. ಹಡಗಿನ ಪ್ರಯಾಣ ಕೆಲವು ಗಂಟೆಗಳಲ್ಲಿ ಮುಗಿದಿತ್ತು. ಕಾಗದದ ಪ್ರಯಾಣ ಮುಂದಿನ ತಲೆಮಾರಿಗೂ ದಾಟಿತು. ಇವತ್ತು ಹೊರಡುವ ನಮ್ಮ ಮಕ್ಕಳು ಇದರಿಂದ ಕಲಿಯುವುದು ಬಹಳ ಇದೆ.

ಹಾಗಾದರೆ ಬಜೆಟ್ಟನ್ನು ಹೇಗೆ ಬರೆಯಬೇಕು? ಒಂದು ನೋಟ್‌ಬುಕ್ ತೆಗೆದುಕೊಂಡು ನಾಲ್ಕು ಪುಟ ಮಾಡಿ. ಮೊದಲ ಪುಟ ಕಾಗದದ್ದು. ಹತ್ತು ವರ್ಷದ, 36 ಪುಟದ ಪಾಸ್‌ಪೋರ್ಟಿಗೆ 1,500 ರೂ.; ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೆ 500 ರೂ. ಪುತ್ತೂರಿನ ಆರ್‌ಟಿಒ ಕಚೇರಿಯಲ್ಲಿ 1,000 ರೂ. ಕಟ್ಟಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಬಹುದು, ಅದರ ಅವಧಿ ಒಂದು ವರ್ಷ. ಹೋದ ಕಡೆ ಕಾರು ಕೊಳ್ಳುವ ಯೋಚನೆ ಇದ್ದರೆ ಆ ದೇಶದ ಲೈಸೆನ್ಸಿನ ಖರ್ಚನ್ನೂ ಇಲ್ಲೇ ಬರೆಯಿರಿ. ಜರ್ಮನಿಯಲ್ಲಿ ನೆಲೆಸಿದವರಿಗೆ ನಮ್ಮ ಲೈಸೆನ್ಸು ಆರು ತಿಂಗಳು ಮಾತ್ರ ನಡೆಯುತ್ತದೆ, ನಂತರ ಅಲ್ಲಿಯ ಪರೀಕ್ಷೆ ಪಾಸಾಗಬೇಕು. ಮದುವೆಯ ಪ್ರಮಾಣಪತ್ರ, ಮಕ್ಕಳ ಜನನ ಪತ್ರ, ಪದವಿ ಪತ್ರ ಇವುಗಳಿಗೆ ಯಾವ ಮುದ್ರೆ ಬೇಕೆಂದು ದೇಶ ನೋಡಿ ತಿಳಿಯಿರಿ. ಯುಎಇಗೆ ಹೋಗುವವರಿಗೆ ಅಪೊಸ್ಟಿಲ್ ಎಂಬ ಸರಕಾರಿ ಮುದ್ರೆ ಸಾಲದು, ಆ ದೇಶದ ದೂತಾವಾಸದ ಮುದ್ರೆಯೂ ಬೇಕು. ಎಲ್ಲ ಪತ್ರಗಳಲ್ಲೂ ಹೆಸರಿನ ಅಕ್ಷರ ಒಂದೇ ಇದೆಯೇ ನೋಡಿ. ಇನಿಶಿಯಲ್ ಹಿಂದೆ ಒಂದರಲ್ಲಿ, ಮುಂದೆ ಒಂದರಲ್ಲಿ ಇದ್ದರೆ ಇಲ್ಲಿ ಇರುವಾಗಲೇ ಸರಿ ಮಾಡಿಸಿ.

ಎರಡನೆಯ ಪುಟ ಏಜೆಂಟಿನದು. ನೋಂದಾಯಿತ ನೇಮಕಾತಿ ಏಜೆಂಟ್ ಒಬ್ಬ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಗರಿಷ್ಠ ಶುಲ್ಕ 30,000 ರೂ., ಅದರ ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳುವವರು ಇದ್ದಾರೆ, ಕೊಡಬೇಡಿ. ಅವರ ಲೈಸೆನ್ಸ್ ನಂಬರನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಕೊಲ್ಲಿಯ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರಕಾರದ ವಲಸೆ ಒಪ್ಪಿಗೆ ಬೇಕು. ಅದು ಅಡ್ಡಿಯೆಂದು ತಿಳಿದು ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೋಗಬೇಡಿ. ಆ ಒಪ್ಪಿಗೆಯೊಡನೆ ಬರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂ., ಮೂರು ವರ್ಷಕ್ಕೆ 375 ರೂ. ಕಟ್ಟಿದರೆ ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದಾಗ 10 ಲಕ್ಷ ರೂ. ತನಕ ರಕ್ಷಣೆ ಇದೆ. ಇಷ್ಟು ಕಡಿಮೆಗೆ ಇಷ್ಟು ದೊಡ್ಡ ಆಸರೆ ಬೇರೆಲ್ಲೂ ಸಿಗಲಿಕ್ಕಿಲ್ಲ.

ಮೂರನೆಯ ಪುಟ ಪ್ರಯಾಣದ್ದು. ಇದು ಎಲ್ಲಕ್ಕಿಂತ ಚಿಕ್ಕದಿರಲಿ. ಮಂಗಳೂರಿನ ಬಜ್ಪೆಯಿಂದ 2006ರಲ್ಲಿ ದುಬೈಗೆ ನೇರ ವಿಮಾನ ಶುರುವಾದ ಮೇಲೆ ನಮ್ಮವರಿಗೆ ಮುಂಬಯಿಯ ತನಕ ಬಸ್ಸಿನಲ್ಲಿ ಹೋಗಿ ಕಾಯುವ ಖರ್ಚು ತಪ್ಪಿತು. ಪಾತ್ರೆ, ಮಿಕ್ಸಿ, ಹಾಸಿಗೆ ಹೊರುವ ಹಣದಲ್ಲಿ ಅಲ್ಲೇ ಹಳೆಯದನ್ನು ಕೊಳ್ಳಬಹುದು. ಔಷಧ ಒಯ್ಯುವುದಿದ್ದರೆ ವೈದ್ಯರ ಚೀಟಿ ಜೊತೆಗಿರಲಿ. ಕೊಲ್ಲಿಯ ಕೆಲವು ದೇಶಗಳಲ್ಲಿ ಗಸಗಸೆ ನಿಷಿದ್ಧ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಪೊಟ್ಟಣದಿಂದ ಮಗ ಜೈಲು ಸೇರುವಂತೆ ಆಗಬಾರದು.

ನಾಲ್ಕನೆಯ ಪುಟವೇ ಮುಖ್ಯ, ತಲುಪಿದ ಮೇಲಿನ ಮೂರು ತಿಂಗಳದ್ದು. ಸಂಬಳ ಮೊದಲ ದಿನ ಬರುವುದಿಲ್ಲ, ಬಾಡಿಗೆ ಮೊದಲ ದಿನವೇ ಬೇಕು. ದುಬೈಯಲ್ಲಿ ಮನೆಬಾಡಿಗೆಯನ್ನು ವರ್ಷಕ್ಕೆ ಕೆಲವೇ ಚೆಕ್ಕುಗಳಲ್ಲಿ ಮುಂಗಡ ಕೊಡುವುದು ವಾಡಿಕೆ. ಅದರ ಮೇಲೆ ಮನೆಗೆ ಠೇವಣಿ. ಫ್ಲ್ಯಾಟಿನ ಕರೆಂಟು, ನೀರಿಗೆ 2,000 ದಿರ್ಹಂ ಠೇವಣಿ. ಯುಎಇಯಲ್ಲಿ ಸಂಸಾರವನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಂ ಸಂಬಳ, ಇಲ್ಲವೇ 3,000 ದಿರ್ಹಂ ಜೊತೆಗೆ ವಸತಿ ಇರಬೇಕು. ಜರ್ಮನಿ ತನ್ನ ದೇಶಕ್ಕೆ ಓದಲು ಬರುವ ಒಬ್ಬ ವಿದ್ಯಾರ್ಥಿಯ ಖಾತೆಯಲ್ಲಿ ವರ್ಷಕ್ಕೆ 11,904 ಯೂರೋ, ಅಂದರೆ ತಿಂಗಳಿಗೆ 992 ಯೂರೋ ಇರಬೇಕೆಂದು 2024ರಲ್ಲಿ ಗೊತ್ತುಮಾಡಿತು. ಯೂರೋಗೆ ನೂರು ರೂಪಾಯಿ ಹಿಡಿದರೂ ಒಬ್ಬರಿಗೇ ತಿಂಗಳಿಗೆ ಲಕ್ಷದ ಹತ್ತಿರ. ದೇಶವೇ ಹಾಕಿಕೊಟ್ಟ ಈ ಲೆಕ್ಕವನ್ನು ನಿಮ್ಮ ಅಳತೆಗೋಲಾಗಿ ಇಟ್ಟುಕೊಳ್ಳಿ. ಈ ಪುಟ ತುಂಬುವಷ್ಟು ಹಣ ಇಲ್ಲದಿದ್ದರೆ ಮೊದಲು ಒಬ್ಬರು ಹೋಗಲಿ, ಹೆಂಡತಿ ಮಕ್ಕಳು ಆರು ತಿಂಗಳು ಬಿಟ್ಟು ಹೊರಡಲಿ. ಅಗಲಿಕೆ ಕಷ್ಟ ನಿಜ, ಆದರೆ ಸಾಲದಲ್ಲಿ ಒಟ್ಟಿಗೆ ಮುಳುಗುವುದು ಇನ್ನೂ ಕಷ್ಟ.

ಅಂಗಳದ ಕಾರನ್ನು ಏನು ಮಾಡುವುದು? ಮಾರಿಬಿಡಿ. ಕೊಟ್ಟಿಗೆಯಲ್ಲಿ ನಿಲ್ಲಿಸಿದ ಕಾರಿನ ಬ್ಯಾಟರಿ ಹೋಗುತ್ತದೆ, ಟಯರು ಹೋಗುತ್ತದೆ, ವಿಮೆ ಮಾತ್ರ ಪ್ರತಿ ವರ್ಷ ಕಟ್ಟಬೇಕಾಗುತ್ತದೆ. ಸಾಲವಿದ್ದರೆ ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರ ಪಡೆದು ಆರ್‌ಸಿಯಿಂದ ಸಾಲದ ನಮೂದು ತೆಗೆಸಿ. ಮಾರಿದ ಮೇಲೆ 14 ದಿನದೊಳಗೆ ಫಾರಂ 29, ಫಾರಂ 30ರ ಕೆಲಸ ಮುಗಿಸಿ. ಕೆಎ 21 ನಂಬರಿನ ಕಾರು ನಿಮ್ಮ ಹೆಸರಿನಲ್ಲೇ ಉಳಿದು ಬೇರೆ ಯಾರೋ ಅಪಘಾತ ಮಾಡಿದರೆ ನೋಟಿಸು ಬರುವುದು ನಿಮ್ಮ ಅಪ್ಪನ ಮನೆಗೆ. ಕಾರು ಮಾರಿದ ಹಣವನ್ನು ನಾಲ್ಕನೆಯ ಪುಟಕ್ಕೆ ಸೇರಿಸಿ. ಆಗ ಕಾರು ನಿಮ್ಮನ್ನು ನಿಜವಾಗಿಯೂ ಗಡಿ ದಾಟಿಸಿದ ಹಾಗಾಯಿತು.

ಕೊನೆಯದಾಗಿ ಮನೆಯಲ್ಲಿ ಉಳಿಯುವ ಹಿರಿಯರಲ್ಲಿ ಒಂದು ಮಾತು. ಮಗ ಹೊರಡುವಾಗ ಜಾಗದ ಪತ್ರ ಅಡವಿಡುವ ಮೊದಲು ಆ ನಾಲ್ಕು ಪುಟ ತೋರಿಸು ಎಂದು ಕೇಳಿ. ಕೇಳುವುದು ಅನುಮಾನವಲ್ಲ, ಅದು ನಿಮ್ಮ ಹಕ್ಕು. ಹೊರಡುವ ಮಕ್ಕಳೇ, ಕೆಲಸದ ಕರಾರು ಪತ್ರ, ವೀಸಾ, ಪಾಸ್‌ಪೋರ್ಟು ಇವುಗಳ ಒಂದೊಂದು ಪ್ರತಿಯನ್ನು ಅಪ್ಪ ಅಮ್ಮನ ಕೈಯಲ್ಲಿ ಕೊಟ್ಟು ಹೋಗಿ. ಹೊರಡುವ ದಿನಕ್ಕಿಂತ ಮೂರು ತಿಂಗಳು ಮೊದಲೇ ಈ ಲೆಕ್ಕ ಶುರು ಮಾಡಿ. ನಾಲ್ಕನೆಯ ಪುಟ ತುಂಬಿದ ದಿನ ಟಿಕೆಟು ತೆಗೆಯಿರಿ, ಅದಕ್ಕೆ ಮೊದಲು ಬೇಡ.